ಕಚ್ಚಿಕೊಂಡ ಸ್ಪಾರ್ಕ್ ಪ್ಲಗ್: ಎಣ್ಣೆಯೋ, ಬೆಂಕಿಯೋ, ಇಂಪ್ಯಾಕ್ಟ್ ಗನ್ನೋ?

ಹಳೇ ಟ್ರ್ಯಾಕ್ಟರಿನಲ್ಲಿ ಕಚ್ಚಿಕೊಂಡ ಸ್ಪಾರ್ಕ್ ಪ್ಲಗ್ ಬಿಚ್ಚುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಎಣ್ಣೆಗೆ. ಎಣ್ಣೆ, ಒಳ್ಳೆಯ ಸಾಕೆಟ್, ಉದ್ದನೆಯ ಹಿಡಿ, ಅಷ್ಟೇ. ಬಡಿದು ಬಡಿದು ತಿರುಗಿಸುವ ಇಂಪ್ಯಾಕ್ಟ್ ಗನ್ನನ್ನೂ ದುಡ್ಡು ಕೊಟ್ಟು ತಂದಾಗಿದೆ. ಚಕ್ರದ ನಟ್ಟು ಬಿಚ್ಚೋಕೆ ಅದರಷ್ಟು ಸುಖ ಇನ್ನೊಂದಿಲ್ಲ. ಆದರೆ ಹಳೇ ಪ್ಲಗ್ ಮೇಲೆ ಅದನ್ನು ಮತ್ತೆ ಇಡುವ ಮನಸ್ಸಿಲ್ಲ.

ಇದು ಪೆಟ್ರೋಲ್ ಟ್ರ್ಯಾಕ್ಟರ್ ಮಾತು. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ಗೇ ಇರುವುದಿಲ್ಲ ಅಲ್ವಾ. ನನ್ನದು ನಾಲ್ಕು ಸಿಲಿಂಡರಿನ ಸೈಡ್ ವಾಲ್ವ್ ಇಂಜಿನ್, ಅಂದರೆ ವಾಲ್ವ್ ಇರುವುದು ಸಿಲಿಂಡರಿನ ಪಕ್ಕದಲ್ಲಿ. 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್‌ನಲ್ಲಿ ಇರುವ ಜಾತಿಯದು. ಇಂಥ ಇಂಜಿನ್‌ಗಳಲ್ಲಿ ಪ್ಲಗ್ ಹೆಡ್ಡಿನ (ಸಿಲಿಂಡರ್ ಮೇಲಿನ ಮುಚ್ಚಳದ) ನೆತ್ತಿಯ ಮೇಲೆ ನೆಟ್ಟಗೆ ಕೂತಿರುತ್ತದೆ. ನೀರು, ಧೂಳು, ಹೊಟ್ಟು ಎಲ್ಲ ಅದರ ಬುಡದ ಗುಂಡಿಯಲ್ಲೇ ಸೇರುತ್ತವೆ. ಮೇಲಿಂದ ತುಕ್ಕು, ಕೆಳಗಿಂದ ಮಸಿ. ವರ್ಷಗಟ್ಟಲೆ ಯಾರೂ ಬಿಚ್ಚದಿದ್ದರೆ ಕಚ್ಚಿಕೊಳ್ಳದೆ ಇನ್ನೇನಾಗುತ್ತದೆ?

ಗನ್ ಒಂದು ಪ್ಲಗ್ ತೆಗೆದುಕೊಟ್ಟಿತು, ಸುಳ್ಳು ಹೇಳಬಾರದು. ಆದರೆ ಪ್ಲಗ್ಗಿನ ಪಿಂಗಾಣಿ ಬುಡದಲ್ಲೇ ಸೀಳಿ ಚೂರುಗಳು ಗುಂಡಿಯಲ್ಲಿ ಉಳಿದವು. ಪ್ಲಗ್ ಪೂರ್ತಿ ಎತ್ತುವ ಮುಂಚೆ ಅವನ್ನೆಲ್ಲ ಗಾಳಿ ಹೊಡೆದು ತೆಗೆಯಬೇಕಾಯಿತು. ಸಿಲಿಂಡರಿಗೆ ಬಿದ್ದಿದ್ದರೆ ಹೆಡ್ಡನ್ನೇ ಇಳಿಸಬೇಕಿತ್ತೇನೋ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ ಗನ್ ಹಿಡಿದಾಗ ಕೈಗೆ ಏನೂ ಗೊತ್ತಾಗುವುದಿಲ್ಲ. ಥ್ರೆಡ್ ಬಿಡುತ್ತಿದೆಯೋ, ಪ್ಲಗ್ಗಿನ ಕತ್ತು ತಿರುಚಿಕೊಳ್ಳುತ್ತಿದೆಯೋ ಎರಡೂ ಒಂದೇ ಸದ್ದು.

ಬೆಂಕಿಯ ಬಗ್ಗೆ ಎಲ್ಲರೂ ಧಾರಾಳವಾಗಿ ಸಲಹೆ ಕೊಡುತ್ತಾರೆ. ಆದರೆ ಹೆಡ್ಡಿನ ಎರಕದ ಕಬ್ಬಿಣ ಮತ್ತು ಪ್ಲಗ್ಗಿನ ಉಕ್ಕು ಕಾದಾಗ ಹೆಚ್ಚುಕಮ್ಮಿ ಒಂದೇ ಸಮ ಹಿಗ್ಗುತ್ತವೆ. ಇಡೀ ಇಂಜಿನ್ ಕಾಯಿಸಿದರೆ ಹಿಡಿತ ಸಡಿಲ ಆಗುವುದಿಲ್ಲ, ಎಣ್ಣೆ ತೆಳುವಾಗಿ ಸುಲಭವಾಗಿ ಇಳಿಯುತ್ತದೆ ಅಷ್ಟೇ. ಪ್ಲಗ್ ಸುತ್ತ ಮಾತ್ರ ಬೆಂಕಿ ಉಗುಳುವ ಗ್ಯಾಸ್ ಟಾರ್ಚ್ ಹಿಡಿದರೆ ಕೆಲಸ ಆಗಬಹುದು. ಆದರೆ ಎರಕದ ಕಬ್ಬಿಣ ಒಂದೇ ಕಡೆ ಜಾಸ್ತಿ ಕಾದರೆ ಬಿರುಕು ಬಿಡುತ್ತದೆ. ಸಾಲದ್ದಕ್ಕೆ ಈ ಟ್ರ್ಯಾಕ್ಟರ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇಂಜಿನ್ ನೆತ್ತಿಯ ಮೇಲೇ ಇದೆ. ಟ್ಯಾಂಕ್ ಇಳಿಸಿ ಒಂದು ಪ್ಲಗ್ಗಿಗೆ ಹಿಡಿದು ನೋಡಿದೆ. ಪ್ಲಗ್ ಬಂತು. ಟ್ಯಾಂಕ್ ಇಳಿಸಿ ಏರಿಸುವ ಕೆಲಸವೇ ಪ್ಲಗ್ ಬಿಚ್ಚುವುದಕ್ಕಿಂತ ಹೆಚ್ಚಾಯಿತು.

ಉಳಿದ ಎರಡಕ್ಕೆ ಎಣ್ಣೆ. ನೆಟ್ಟಗಿರುವ ಪ್ಲಗ್ಗಿನ ಒಂದು ಲಾಭ ಇಲ್ಲೇ ಕಾಣುವುದು. ಬುಡದ ಗುಂಡಿಯನ್ನು ಮೊದಲು ಚೊಕ್ಕ ಮಾಡಿ ಎಣ್ಣೆ ತುಂಬಿಸಿದರೆ ಅದು ಅಲ್ಲೇ ನಿಲ್ಲುತ್ತದೆ. ರಾತ್ರಿಯಿಡೀ ಬಿಡಬೇಕು. ತುಕ್ಕು ಬಿಡಿಸುವ ಡಬ್ಬಿ ಎಣ್ಣೆ ಒಂದಕ್ಕೆ, ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿದ್ದು ಇನ್ನೊಂದಕ್ಕೆ. ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬೆರೆಸಿದ್ದು ಅಗ್ಗ, ಆದರೆ ಸುಮ್ನೆ ಇಟ್ಟರೆ ಎರಡೂ ಬೇರೆಯಾಗುತ್ತವೆ, ಹಾಕುವಾಗಲೆಲ್ಲ ಕುಲುಕಬೇಕು. ಪೇಂಟ್ ಮೇಲೆ ಬಿದ್ದರೆ ಪೇಂಟ್ ಹೋಯಿತು. ಅಸಿಟೋನ್ ಹಾಕಿದ ಮೇಲೆ ಬೆಂಕಿಯ ಮಾತು ಎತ್ತಲೇಬೇಡಿ.

ಸಾಕೆಟ್ ಆರು ಮೂಲೆಯದೇ ಇರಲಿ. ಈ ಪ್ಲಗ್ಗಿನ ಅಳತೆ 13/16 ಇಂಚು, ಅಂದರೆ 20.6 ಮಿಮೀ. ಸವೆದ 21 ಮಿಮೀ ಸಾಕೆಟ್ ಹಾಕಿದರೆ ಮೂಲೆ ಬೋಳಾಗುತ್ತದೆ.

ಎಣ್ಣೆಯ ದಾರಿಯಲ್ಲಿ ತಲೆ ತಿಂದದ್ದು ಒಂದೇ ವಿಷಯ. ಹಿಡಿಗೆ ಭಾರ ಬಿಟ್ಟಾಗ ಟಕ್ ಅಂತ ಸದ್ದಾಗಿ ಪ್ಲಗ್ ಕದಲುತ್ತದೆ. ಮುಗೀತು ಅಂದುಕೊಳ್ಳುತ್ತೇವೆ. ಅರ್ಧ ಸುತ್ತು ಸಲೀಸಾಗಿ ಬರುತ್ತದೆ. ಆಮೇಲೆ ಕಿರ್ರ್ ಅಂತ ಕಿರುಚಿ ಮೊದಲಿಗಿಂತ ಬಿಗಿಯಾಗಿ ನಿಂತುಬಿಡುತ್ತದೆ.

ಕಾರಣ ಕೆಳಗಿದೆ. ಪ್ಲಗ್ಗಿನ ತುದಿಯ ಥ್ರೆಡ್ ಮೇಲೆ ಮಸಿ ಗಟ್ಟಿಯಾಗಿ ಕೂತಿರುತ್ತದೆ. ಪ್ಲಗ್ ಮೇಲೇರುವಾಗ ಆ ಮಸಿ, ಜೊತೆಗೆ ಪುಡಿಯಾದ ತುಕ್ಕು, ಹೆಡ್ಡಿನ ಥ್ರೆಡ್ಡಿಗೆ ನುಗ್ಗುತ್ತವೆ. ರಾತ್ರಿಯಿಡೀ ನಿಂತ ಎಣ್ಣೆ ವಾಷರ್ ದಾಟಿ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ. ಒಣ ಕಬ್ಬಿಣ ಒಣ ಕಬ್ಬಿಣವನ್ನು ಉಜ್ಜುತ್ತದೆ. ಆ ಹೊತ್ತಿನಲ್ಲಿ ಜೋರು ತೋರಿಸಿದರೆ ಹೆಡ್ಡಿನ ಥ್ರೆಡ್ ಕಿತ್ತುಕೊಂಡು ಬರುತ್ತದೆ, ಇಲ್ಲವೇ ಪ್ಲಗ್ ಎರಡು ತುಂಡು.

ಕಿರುಚಿದ ತಕ್ಷಣ ನಿಲ್ಲಿಸಿ, ಕಾಲು ಸುತ್ತು ವಾಪಸ್ ಬಿಗಿ ಮಾಡಬೇಕು. ಈಗ ವಾಷರ್ ಎದ್ದಿರುತ್ತದೆ, ಹೊಸ ಎಣ್ಣೆ ಹಾಕಿದರೆ ಗುಂಡಿಯಲ್ಲಿ ಮಟ್ಟ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿ. ಕಿರುಚಿದ ಕಡೆಯಿಂದ ಕೂದಲೆಳೆಯಷ್ಟು ಮುಂದೆ, ಮತ್ತೆ ಹಿಂದೆ. ಎಣ್ಣೆ ಕೆಂಪುಗಪ್ಪಾಗಿ ಮೇಲೆ ಬರತೊಡಗಿದರೆ ಸರಿದಾರಿಯಲ್ಲಿದ್ದೀರಿ ಅಂತ. ಇದರಲ್ಲಿ ಬೇಜಾರೇ ಜಾಸ್ತಿ. ಆದರೆ ಎರಡೂ ಪ್ಲಗ್ ಇಡಿಯಾಗಿ ಬಂದವು, ಹೆಡ್ಡಿನ ಥ್ರೆಡ್ ಒಂದೂ ಹಾಳಾಗಲಿಲ್ಲ.

ಹೊಸದು ಹಾಕುವ ಮುಂಚೆ ಹೆಡ್ಡಿನ ಥ್ರೆಡ್ ಚೊಕ್ಕ ಮಾಡುವ ಸಾಮಾನಾದ ಥ್ರೆಡ್ ಚೇಸರ್‌ಗೆ ಗ್ರೀಸ್ ಬಳಿದು ಒಮ್ಮೆ ಓಡಿಸಿ, ಪುಡಿ ಗ್ರೀಸಿಗೆ ಅಂಟಿ ಹೊರಗೆ ಬರುತ್ತದೆ. ಲೇಪನ ಇರುವ ಪ್ಲಗ್‌ಗಳಿಗೆ ಆ್ಯಂಟಿ ಸೀಜ್ (ಕಚ್ಚಿಕೊಳ್ಳದಂತೆ ಥ್ರೆಡ್ಡಿಗೆ ಬಳಿಯುವ ಲೇಪ) ಬೇಡ ಅನ್ನುತ್ತದೆ ಪ್ಲಗ್ ತಯಾರಿಸುವ ಕಂಪನಿ ಎನ್‌ಜಿಕೆ. ಜಾರುವ ಥ್ರೆಡ್ ಆದರೆ ಬೇಕಾದ್ದಕ್ಕಿಂತ ಬಿಗಿಯಾಗಿಬಿಡುತ್ತದೆ.

ಸಂಜೆಯೊಳಗೆ ಗಾಡಿ ಹೊರಗೆ ಕಳಿಸಬೇಕಾದ ವರ್ಕ್‌ಶಾಪಿನವರಿಗೆ ನನ್ನ ದಾರಿ ಆಗಿಬರುವುದಿಲ್ಲ. ಅವರ ಹತ್ತಿರ ಟಾರ್ಚೂ ಇರುತ್ತದೆ, ಮುರಿದದ್ದನ್ನು ತೆಗೆಯುವ ಸಾಮಾನೂ ಇರುತ್ತದೆ. ನನಗೆ ಅವಸರ ಇಲ್ಲ, ಇನ್ನೊಂದು ಹೆಡ್ ಕೊಳ್ಳುವ ತಾಕತ್ತೂ ಇಲ್ಲ. ಹಾಗಾಗಿ ಎಣ್ಣೆಗೇ ದುಡ್ಡು ಹಾಕುತ್ತೇನೆ. ಒಂದೇ ಒಂದು ಸಾಮಾನು ಕೊಳ್ಳುವಷ್ಟು ಕೈಯಲ್ಲಿದ್ದರೆ ಗನ್ ಬೇಡ, ಅಳತೆಗೆ ಸರಿಯಾದ ಸಾಕೆಟ್ ತಗೊಳ್ಳಿ.