1,387 ದೋಷಗಳು ಎಂದು ಕೆಂಪಗೆ ತೋರಿಸಿದರೆ ಕೈ ಹಚ್ಚಬೇಡಿ

ವಿಡಿಯೊ ಓಡುತ್ತಿಲ್ಲ ಎಂದ ಮಾತ್ರಕ್ಕೆ ಕಂಪ್ಯೂಟರ್‌ಗೆ ರೋಗ ಬಂದಿದೆ ಎಂದು ಅರ್ಥವಲ್ಲ. ರೋಗವಿದೆ ಎಂದು ನಂಬಿಸಿ ಔಷಧ ಮಾರುವವರ ಕೈಗೆ ಸಿಕ್ಕು 1,770 ರೂಪಾಯಿ, ಎರಡು ದಿನದ ಕೆಲಸ, ಅವ್ವನ ಮುಂದೆ ಉಳಿದಿದ್ದ ಅಲ್ಪಸ್ವಲ್ಪ ಮರ್ಯಾದೆ ಎಲ್ಲವನ್ನೂ ಕಳೆದುಕೊಂಡವನು ನಾನು. ನಿಮಗೂ ಹಾಗಾಗದಿರಲಿ ಎಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

2022ರ ಆಗಸ್ಟ್, ಶ್ರಾವಣ ಮಾಸ. ಕುಷ್ಟಗಿಯಲ್ಲಿ ಅಕ್ಕನ ಹೊಸ ಮನೆಯ ಗೃಹಪ್ರವೇಶವಾಯಿತು. ಮೊಣಕಾಲು ನೋವಿನಿಂದ ಅವ್ವನಿಗೆ ಹೋಗಲಾಗಲಿಲ್ಲ. ಅಕ್ಕನ ಮಗ ತನ್ನ ಐಫೋನ್‌ನಲ್ಲಿ ಎಲ್ಲವನ್ನೂ ಚಿತ್ರೀಕರಿಸಿ, ಪೆನ್‌ಡ್ರೈವ್‌ಗೆ ತುಂಬಿ, ಕೊಪ್ಪಳಕ್ಕೆ ಬಸ್ಸು ಹತ್ತಿದ ಪರಿಚಯದವರ ಕೈಯಲ್ಲಿ ಕೊಟ್ಟು ಕಳುಹಿಸಿದ. ನಾವಿರುವುದು ಭಾಗ್ಯನಗರದಲ್ಲಿ. ಇಲ್ಲಿನ ಕೂದಲು ವ್ಯಾಪಾರಿಗಳ ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಹೌದು, ತಲೆಗೂದಲೇ, ಹೊರಗಿನವರು ಕೇಳಿ ನಗುತ್ತಾರೆ, ಆದರೆ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ಮನೆಯ ಮೂಲೆಯಲ್ಲಿ 2013ರಲ್ಲಿ ಕೊಂಡ ಕಂಪ್ಯೂಟರ್, ಅದಕ್ಕೆ ಆಮೇಲೆ ಹಾಕಿಸಿದ ವಿಂಡೋಸ್ 10. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಬ್ಯಾಂಕಿನ ಕಾಗದಪತ್ರ ಎಲ್ಲವೂ ಅದರೊಳಗೆ.

ಮೊಬೈಲ್‌ನ ಚಿಕ್ಕ ಪರದೆ ಅವ್ವನಿಗೆ ಕಾಣುವುದಿಲ್ಲ. ಕಂಪ್ಯೂಟರ್ ಮುಂದೆ ಕುರ್ಚಿ ಹಾಕಿ ಕೂರಿಸಿ ವಿಡಿಯೊ ಹಚ್ಚಿದೆ. ಗಂಟೆಯ ಸದ್ದು ಬಂತು, ಮಂತ್ರ ಬಂತು, ಹೆಂಗಸರ ಆರತಿ ಹಾಡು ಬಂತು. ಚಿತ್ರ ಮಾತ್ರ ಇಲ್ಲ. ಪರದೆ ಕಪ್ಪಗೆ ಹಾಗೆಯೇ ಇತ್ತು. ಅವ್ವ ಎದ್ದು ಹೋಗಲಿಲ್ಲ. ಕತ್ತಲೆಯನ್ನೇ ನೋಡುತ್ತ, "ಇದು ಶಾಂತವ್ವನ ದನಿ. ಈಗ ಕೆಮ್ಮಿದ್ದು ನಿನ್ನ ದೊಡ್ಡಪ್ಪ," ಎಂದು ಒಬ್ಬೊಬ್ಬರನ್ನೇ ಗುರುತಿಸಿದಳು. ಹತ್ತು ನಿಮಿಷದ ನಂತರ, "ರೇಡಿಯೊ ಕೇಳಿದಂತಾಯಿತು, ಇರಲಿ ಬಿಡು," ಎಂದಳು. ಆ "ಇರಲಿ ಬಿಡು" ನನಗೆ ಚುಚ್ಚಿತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ವಿಎಲ್‌ಸಿ ಹಾಕಿಕೊಂಡರೆ ಎಂಥ ವಿಡಿಯೊ ಆದರೂ ಓಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು, ಬಹುಮಟ್ಟಿಗೆ ನಿಜವೂ ಹೌದು. ಫ್ರಾನ್ಸಿನ ವಿದ್ಯಾರ್ಥಿಗಳು 1996ರಲ್ಲಿ ಶುರು ಮಾಡಿದ ಕೆಲಸದಿಂದ ಬೆಳೆದ ಉಚಿತ ತಂತ್ರಾಂಶ ಅದು. ನನ್ನ ಗ್ರಹಚಾರಕ್ಕೆ ಆ ವರ್ಷ ಫೆಬ್ರವರಿಯಿಂದ ನವೆಂಬರ್‌ವರೆಗೆ ಅದರ ಅಧಿಕೃತ ತಾಣ, ವಿಡಿಯೊಲ್ಯಾನ್ ಡಾಟ್ ಆರ್ಗ್, ಭಾರತದಲ್ಲಿ ನಿರ್ಬಂಧಕ್ಕೊಳಗಾಗಿತ್ತು. ತೆರೆಯಲು ಹೋದರೆ ಐಟಿ ಕಾಯ್ದೆಯಡಿ ತಡೆಹಿಡಿಯಲಾಗಿದೆ ಎಂಬ ಸೂಚನೆ ಬಂತು. ಅಲ್ಲಿಗೇ ನಿಲ್ಲಬೇಕಿತ್ತು. ನಾನು ಗೂಗಲ್‌ನಲ್ಲಿ ಹುಡುಕಿ, ಮೇಲೆಯೇ ಕಂಡದ್ದನ್ನು ಒತ್ತಿದೆ. ಅದರ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಜಾಹೀರಾತು ಎಂದು ಬರೆದಿತ್ತು. ಅದೇ ಕಿತ್ತಳೆ ಬಣ್ಣದ ಶಂಕುವಿನ ಚಿತ್ರ, ಅದೇ ಅಕ್ಷರ. ಯಾರಿಗೆ ಅನುಮಾನ ಬರುತ್ತದೆ?

ಇನ್‌ಸ್ಟಾಲ್ ಮಾಡುವಾಗ ಮೊದಲೇ ಸರಿ ಗುರುತು ಹಾಕಿಟ್ಟ ಮೂರು ಚೌಕಗಳು ಇದ್ದವು: ಕೋಡೆಕ್ ಪ್ಯಾಕ್ (ಕುಗ್ಗಿಸಿಟ್ಟ ವಿಡಿಯೊ, ಧ್ವನಿಯನ್ನು ಬಿಡಿಸುವ ತಂತ್ರಾಂಶಗಳ ಕಟ್ಟು), ಡ್ರೈವರ್ ಅಪ್‌ಡೇಟರ್ (ಧ್ವನಿ, ಪರದೆಯಂಥ ಭಾಗಗಳನ್ನು ನಡೆಸುವ ತಂತ್ರಾಂಶಗಳನ್ನು ಹೊಸದಾಗಿಸುವುದು), ಕಂಪ್ಯೂಟರ್ ಕ್ಲೀನರ್. ಗಿರಾಕಿಗಳ ಬಿಲ್ಲಿನಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಹಿಡಿಯುವ ನಾನು ಆ ಚೌಕಗಳನ್ನು ಓದದೆ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತಿಕೊಂಡು ಹೋದೆ.

ಪ್ಲೇಯರ್ ತೆರೆಯುವ ಮೊದಲೇ ಕ್ಲೀನರ್ ತೆರೆದುಕೊಂಡಿತು. ಹಸಿರು ಪಟ್ಟಿ ಓಡಿತು, ಹಳದಿಯಾಯಿತು, ಕೆಂಪಾಯಿತು. ಕೊನೆಗೆ ದಪ್ಪಕ್ಷರದಲ್ಲಿ: 1,387 ದೋಷಗಳು, ಸ್ಥಿತಿ ಗಂಭೀರ. ಹಿಂದೆ ನಿಂತಿದ್ದ ಅವ್ವನಿಗೆ ಓದಿ ಹೇಳಿದೆ. "ಇಷ್ಟು ರೋಗ ಇಟ್ಟುಕೊಂಡು ಇಷ್ಟು ದಿನ ಹೇಗೆ ನಡೆಯಿತು ಇದು?" ಎಂದು ಕೇಳಿದಳು. ಆ ದಿನ ನಮ್ಮ ಮನೆಯಲ್ಲಿ ಯಾರಾದರೂ ಬುದ್ಧಿವಂತರ ಮಾತು ಆಡಿದ್ದರೆ ಅದೊಂದೇ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಡ್ರೈವರ್ ಅಪ್‌ಡೇಟರ್ ಏಳು ಡ್ರೈವರ್‌ಗಳು ಹಳೆಯವಾಗಿವೆ ಎಂದಿತು. ಒಂದನ್ನು ಉಚಿತವಾಗಿ ಬದಲಿಸುತ್ತೇನೆ ಎಂದು ಧ್ವನಿಯ ಡ್ರೈವರ್ ಬದಲಿಸಿತು. ಕಂಪ್ಯೂಟರ್ ಆರಿಸಿ ಹಚ್ಚಿದ ಮೇಲೆ ಅದೇ ವಿಡಿಯೊ ಹಾಕಿ ನೋಡಿದೆ. ಮೊದಲು ಚಿತ್ರವಿರಲಿಲ್ಲ, ದನಿಯಿತ್ತು. ಈಗ ಶಾಂತವ್ವನೂ ಇಲ್ಲ, ದೊಡ್ಡಪ್ಪನ ಕೆಮ್ಮೂ ಇಲ್ಲ.

ಪರದೆಯ ಕೆಳಗೆ ಸಹಾಯವಾಣಿ ಎಂದು ಒಂದು ಸಂಖ್ಯೆ ಇತ್ತು. ಕರೆ ಮಾಡಿದೆ. ಹಿಂದಿಯಲ್ಲಿ ಮಾತನಾಡಿದವನು ಬಹಳ ವಿನಯದವನು. ದೂರದಿಂದಲೇ ಪರದೆ ನೋಡುವ ತಂತ್ರಾಂಶ ಹಾಕಿಸಿದ. ವಿಂಡೋಸ್‌ನಲ್ಲಿಯೇ ಇರುವ ಈವೆಂಟ್ ವ್ಯೂವರ್ ತೆರೆದು ಸಾಲುಸಾಲಾಗಿ ಕೆಂಪು, ಹಳದಿ ಗುರುತುಗಳನ್ನು ತೋರಿಸಿ, "ಇವೆಲ್ಲ ವೈರಸ್," ಎಂದ. ಶುದ್ಧ ಸುಳ್ಳು. ವಿಂಡೋಸ್ ತನ್ನೊಳಗೆ ನಡೆಯುವ ಸಣ್ಣಪುಟ್ಟ ತೊಡಕುಗಳನ್ನು ಬರೆದಿಡುವ ದಿನಚರಿ ಅದು. ಗಟ್ಟಿಮುಟ್ಟಾದ ಕಂಪ್ಯೂಟರ್‌ನಲ್ಲಿಯೂ ಅಂಥ ಗುರುತುಗಳು ಇದ್ದೇ ಇರುತ್ತವೆ. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ಹೆದರಿದೆ, 1,500 ರೂಪಾಯಿ, ಶೇ 18 ಜಿಎಸ್‌ಟಿ ಸೇರಿ 1,770 ಎಂದಾಗ ಯುಪಿಐ ಮೂಲಕ ಕಳುಹಿಸಿಬಿಟ್ಟೆ.

ನನ್ನನ್ನು ಉಳಿಸಿದ್ದು ಕಸುಬಿನ ಚಾಳಿ. ಇಮೇಲ್‌ಗೆ ಬಂದ ಬಿಲ್ಲನ್ನು ಮೊಬೈಲ್‌ನಲ್ಲಿ ತೆರೆದೆ. ತೆರಿಗೆ 270 ರೂಪಾಯಿ ಎಂದು ಬರೆದಿದೆ, ಜಿಎಸ್‌ಟಿ ನೋಂದಣಿ ಸಂಖ್ಯೆ ಇಲ್ಲ. ನೋಂದಣಿಯಿಲ್ಲದವನು ತೆರಿಗೆ ವಸೂಲಿ ಮಾಡುವುದು ಹೇಗೆ? ತಲೆ ಎತ್ತಿದರೆ ಪರದೆಯ ಮೇಲೆ ಬಾಣದ ಗುರುತು ತಾನಾಗಿಯೇ ಚಲಿಸುತ್ತಿತ್ತು. ಡೆಸ್ಕ್‌ಟಾಪ್ ದಾಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಎಂದು ನಾನೇ ಹೆಸರಿಟ್ಟಿದ್ದ ಫೋಲ್ಡರ್ ಮೇಲೆ ಹೋಗಿ ನಿಂತಿತು. ಮೌಸ್ ಹಿಡಿದು ಎಳೆದೆ, ಅವನೂ ಎಳೆದ. ಎದ್ದು ಗೋಡೆಯ ಸ್ವಿಚ್ ಆರಿಸಿದೆ.

ಆಮೇಲಿನದು ಓಡಾಟ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಿದೆ, ಬ್ಯಾಂಕಿಗೆ ತಿಳಿಸಿದೆ, ಹೆಂಡತಿಯ ಮೊಬೈಲ್‌ನಿಂದ ಎಲ್ಲ ಪಾಸ್‌ವರ್ಡ್ ಬದಲಿಸಿದೆ. ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ ನನಗರಿವಿಲ್ಲದೆ ಏನಾದರೂ ಒಪ್ಪಿಗೆ ಬಿದ್ದಿದೆಯೇ ಎಂದು ನೋಡಿದೆ; ಪುಣ್ಯಕ್ಕೆ ಇರಲಿಲ್ಲ. ಹೋದ ಹಣ ಮಾತ್ರ ಬರಲಿಲ್ಲ.

ಮರುದಿನ ಜವಾಹರ ರಸ್ತೆಯ ದುರಸ್ತಿ ಅಂಗಡಿಗೆ ಸಿಪಿಯು ಹೊತ್ತುಕೊಂಡು ಹೋದೆ. ಟ್ಯಾಲಿ ದತ್ತಾಂಶವನ್ನು ಪ್ರತಿ ಶನಿವಾರ ಬೇರೆ ಪೆನ್‌ಡ್ರೈವ್‌ಗೆ ಇಳಿಸುವ ರೂಢಿ ಇದ್ದುದರಿಂದ ಧೈರ್ಯವಾಗಿ ಫಾರ್ಮ್ಯಾಟ್ ಮಾಡಿ ಎಂದೆ. ವಿಂಡೋಸ್ ಹೊಸದಾಗಿ ಹಾಕಿದ ಅಂಗಡಿಯ ಹುಡುಗ, "ಸರ್, ಒಂದು ತಮಾಷೆ ನೋಡಿ," ಎಂದು ಅದೇ ಕ್ಲೀನರ್ ಅನ್ನು ಓಡಿಸಿದ. ಆಗಷ್ಟೇ ತೊಳೆದಿಟ್ಟ ಕಂಪ್ಯೂಟರ್. ಒಂದು ಫೋಟೊ ಕೂಡ ಒಳಗಿಲ್ಲ. 412 ದೋಷಗಳು, ಸ್ಥಿತಿ ಗಂಭೀರ. ಇನ್ನೊಮ್ಮೆ ಓಡಿಸಿದ: 436. ನಂತರ ಮತ್ತೆ ಫಾರ್ಮ್ಯಾಟ್ ಮಾಡಿ 500 ರೂಪಾಯಿ ತೆಗೆದುಕೊಂಡ. ಆ ಐದುನೂರರ ಬಗ್ಗೆ ನನ್ನ ತಕರಾರಿಲ್ಲ.

ಅಸಲಿ ಕಾರಣ ಹೇಳಿದವನೂ ಅವನೇ. ಫೈಲ್ ಹೆಸರಿನ ಕೊನೆಗೆ ಎಂಒವಿ, ಎಂಪಿ4 ಎಂದಿರುವುದು ಬುತ್ತಿ ಡಬ್ಬಿಯ ಹೆಸರು ಮಾತ್ರ. ಒಳಗೆ ರೊಟ್ಟಿ ಇದೆಯೋ ಅನ್ನ ಇದೆಯೋ ಡಬ್ಬಿ ನೋಡಿದರೆ ತಿಳಿಯದು. ನಮ್ಮ ಡಬ್ಬಿಯಲ್ಲಿ ಧ್ವನಿ ಹಳೆಯ ಪರಿಚಿತ ಬಗೆಯದು, ಹಾಗಾಗಿ ಕೇಳಿಸಿತು. ಚಿತ್ರ ಎಚ್‌ಇವಿಸಿ ಬಗೆಯದು. 2013ರಲ್ಲಿ ರೂಪುಗೊಂಡ ಈ ಬಗೆಯನ್ನು ಐಫೋನ್‌ಗಳು 2017ರಿಂದ ಬಳಸುತ್ತಿವೆ; ಕಡಿಮೆ ಜಾಗ ಹಿಡಿಯುತ್ತದೆ, ಬಿಡಿಸಲು ಹೆಚ್ಚು ಶ್ರಮ ಬೇಡುತ್ತದೆ. ಅದನ್ನು ಬಿಡಿಸುವ ಕೋಡೆಕ್ ನನ್ನ ವಿಂಡೋಸ್‌ನಲ್ಲಿ ಇರಲಿಲ್ಲ, ಅಷ್ಟೇ. ಮೈಕ್ರೊಸಾಫ್ಟ್‌ನ ಸ್ಟೋರ್‌ನಲ್ಲಿ ಅದು ಸಣ್ಣ ಬೆಲೆಗೆ ಸಿಗುತ್ತದೆ. ವಿಎಲ್‌ಸಿಯಲ್ಲಿ ಬಿಟ್ಟಿಯಾಗಿಯೇ ಇದೆ. ಹುಡುಗ ತನ್ನ ಬಳಿಯಿದ್ದ ಅಸಲಿ ವಿಎಲ್‌ಸಿ ಹಾಕಿ, ಟೂಲ್ಸ್ ಮೆನುವಿನ ಕೋಡೆಕ್ ಇನ್ಫರ್ಮೇಶನ್ ತೆರೆದು ಆ ಹೆಸರನ್ನು ಬೆರಳಿಟ್ಟು ತೋರಿಸಿದ.

ಹಾಗೆಂದು ವಿಡಿಯೊ ಸರಾಗವಾಗಿ ಓಡಿತೆಂದಲ್ಲ, ತಡವರಿಸಿತು. ನನ್ನದು ಇಂಟೆಲ್‌ನ ಮೂರನೇ ತಲೆಮಾರಿನ ಪ್ರೊಸೆಸರ್. ಎಚ್‌ಇವಿಸಿಯನ್ನು ಚಿಪ್‌ನೊಳಗೇ ಪೂರ್ತಿ ಬಿಡಿಸುವ ಏರ್ಪಾಡು ಬಂದದ್ದು 2015ರ ಆರನೇ ತಲೆಮಾರಿನಲ್ಲಿ. ಯಾವ ಕ್ಲೀನರ್ ಹಾಕಿ ಉಜ್ಜಿದರೂ ಮೂರು ಆರಾಗುವುದಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಎಚ್.264 ಬಗೆಗೆ, ಚಿತ್ರವನ್ನು 720 ಸಾಲುಗಳ ಅಳತೆಗೆ ಬದಲಿಸಿ ಎಂದ. ರಾತ್ರಿ ಹಚ್ಚಿಟ್ಟು ಮಲಗಿದೆ, ಬೆಳಿಗ್ಗೆ ಸಿದ್ಧವಾಗಿತ್ತು. ಅಕ್ಕನ ಮಗನಿಗೂ ಹೇಳಿದೆ: ಮುಂದೆ ನಮಗಾಗಿ ತೆಗೆಯುವಾಗ ಐಫೋನ್‌ನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಫಾರ್ಮ್ಯಾಟ್ ಅನ್ನು ಮೋಸ್ಟ್ ಕಂಪ್ಯಾಟಿಬಲ್‌ಗೆ ಇಡು ಎಂದು.

ಕ್ಲೀನರ್‌ಗಳ ಬಗ್ಗೆ ಇನ್ನೊಂದು ಮಾತು. ರಿಜಿಸ್ಟ್ರಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ, ಅದನ್ನು ಗುಡಿಸುವ ಕ್ಲೀನರ್‌ಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೊಸಾಫ್ಟ್ ಕಂಪನಿಯೇ ಬರೆದಿಟ್ಟಿದೆ. ಕಸ ತೆಗೆಯಲು ವಿಂಡೋಸ್‌ನಲ್ಲಿ ಡಿಸ್ಕ್ ಕ್ಲೀನಪ್ ಇದೆ, ವೈರಸ್‌ಗೆ ಡಿಫೆಂಡರ್ ಇದೆ, ಎರಡಕ್ಕೂ ಕಾಸಿಲ್ಲ. ಹೆಸರುವಾಸಿ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಗೇ 2017ರಲ್ಲಿ ಕಳ್ಳರು ಹಾನಿ ಮಾಡುವ ಕೋಡ್ ಸೇರಿಸಿದ್ದರು. ಅಸಲಿಯ ಗತಿಯೇ ಹಾಗಾದರೆ ಜಾಹೀರಾತಿನಲ್ಲಿ ಸಿಕ್ಕಿದ್ದರ ಗತಿ ಏನು? ವಿಡಿಯೊ ನೋಡಲು ಫ್ಲ್ಯಾಶ್ ಪ್ಲೇಯರ್ (ಹಿಂದೆ ಜಾಲತಾಣಗಳಲ್ಲಿ ವಿಡಿಯೊ ಓಡಿಸುತ್ತಿದ್ದ ತಂತ್ರಾಂಶ) ಅಪ್‌ಡೇಟ್ ಮಾಡಿ ಎಂದು ಯಾವುದಾದರೂ ಪುಟ ಕೇಳಿದರೆ ಕಣ್ಣು ಮುಚ್ಚಿ ಹೊರಗೆ ಬನ್ನಿ. ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದೆ. ಸತ್ತವನಿಗೆ ಔಷಧ ಕೊಡಿಸಿ ಎಂದು ಕೇಳಿದ ಹಾಗೆ ಅದು.

ಅವ್ವ ವಿಡಿಯೊವನ್ನು ಎರಡು ಸಲ ನೋಡಿದಳು. ಅವಳು ಶಾಂತವ್ವ ಎಂದುಕೊಂಡಿದ್ದ ದನಿ ಶಾಂತವ್ವನದಲ್ಲ, ಅವಳ ಸೊಸೆಯದು.

ಕಳೆದ ತಿಂಗಳು ಕುಷ್ಟಗಿ ಬಸ್ಸಿನಲ್ಲಿದ್ದಾಗ ಹಿಂದಿಯಲ್ಲಿ ಒಂದು ಕರೆ ಬಂತು, ಅಷ್ಟೇ ವಿನಯದ ದನಿ. ನನ್ನ ಲೈಸೆನ್ಸ್ ಅವಧಿ ಮುಗಿದಿದೆಯಂತೆ, ಕಂಪ್ಯೂಟರ್‌ನಲ್ಲಿ ದೋಷಗಳು ಎರಡು ಸಾವಿರ ದಾಟಿವೆಯಂತೆ, ಈಗಲೇ ಪರದೆಯಲ್ಲಿ ಕಾಣುತ್ತಿವೆಯಂತೆ. ಆ ಕಂಪ್ಯೂಟರ್ ಅನ್ನು ನಾನು ಗುಜರಿಗೆ ಹಾಕಿ ಎರಡು ವರ್ಷವಾಗಿತ್ತು.