ನಾಲ್ಕು ಕತ್ತಿಕಾಳಗ, ಒಂದು ಹೊಸ ಟಿವಿ: ನನ್ನ ಓಟು ‘ರಾಬ್ ರಾಯ್’ಗೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ‘ರಾಬ್ ರಾಯ್’ (1995). ಇಡೀ ಸಿನಿಮಾ ಅಲ್ಲ, ಅದರ ಕೊನೆಯ ಕತ್ತಿಕಾಳಗ. 55 ಇಂಚಿನ ಟಿವಿ ಮನೆಗೆ ಬಂದ ಮೇಲೆ ಹಳೇ ಮೆಚ್ಚಿನ ಕಾಳಗಗಳನ್ನೆಲ್ಲ ದೊಡ್ಡದಾಗಿ ನೋಡುವ ಆಸೆ ಹುಟ್ಟಿತು. ಕೆಲವನ್ನು ಬಾಡಿಗೆಗೆ ತಗೊಂಡೆ, ಕೆಲವನ್ನು ಡಿಸ್ಕ್ ತರಿಸಿದೆ. ಕೊನೆಗೆ ಕಣದಲ್ಲಿ ಉಳಿದವು ನಾಲ್ಕು: ‘ರಾಬ್ ರಾಯ್’, ‘ದಿ ಪ್ರಿನ್ಸೆಸ್ ಬ್ರೈಡ್’ (1987), ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ (2000), ಮತ್ತೆ ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಸಂಜುರೊ’ (1962).

‘ರಣಧೀರ ಕಂಠೀರವ’, ‘ಮಯೂರ’ ಎಲ್ಲಿ ಅಂತ ಕೇಳಬೇಡಿ. ಅಣ್ಣಾವ್ರ ಕತ್ತಿವರಸೆಗೆ ಅಂಕ ಹಾಕೋ ಧೈರ್ಯ ನನಗಿಲ್ಲ.

ಶುರು ಮಾಡಿದ್ದು ‘ಕ್ರೌಚಿಂಗ್ ಟೈಗರ್’ನಿಂದ. ಮಿಶೆಲ್ ಯೋ ಮತ್ತು ಝಾಂಗ್ ಝಿಯಿ ಅಂಗಳದಲ್ಲಿ ಎದುರುಬದುರಾಗುವ ದೃಶ್ಯ ಹಾಕಿದೆ. ಏನೋ ಸರಿಯಿಲ್ಲ. ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾ ಸಂಜೆ ಏಳರ ಧಾರಾವಾಹಿ ಥರ ಕಾಣುತ್ತಿದೆ. ಅದಕ್ಕಿಂತ ಕೆಟ್ಟದ್ದು, ಕತ್ತಿಯ ಮೊನೆ ಆಗಾಗ ಮಾಯ! ಹಿಡಿ ಇದೆ, ಅರ್ಧ ಅಲಗು ಇದೆ, ಮುಂದೆ ಏನೂ ಇಲ್ಲ. ಮಣಿಕಟ್ಟಿನ ಸುತ್ತ ನೀರು ಕದಡಿದ ಹಾಗೆ ಒಂದು ಮಸುಕು. ನೆಟ್ ನಿಧಾನ ಇರಬೇಕು ಅಂದರು ಮನೆಯವರು. ಡಿಸ್ಕ್ ಹಾಕಿದರೂ ಅದೇ ಕಥೆ.

ತಪ್ಪು ಟಿವಿಯದ್ದು. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಈಗಿನ ಟಿವಿಗಳು ಚಲನೆ ನುಣುಪಾಗಿ ಕಾಣಲಿ ಅಂತ ಎರಡು ಚಿತ್ರಗಳ ನಡುವೆ ತಾವೇ ಊಹಿಸಿದ ಚಿತ್ರಗಳನ್ನು ತುರುಕುತ್ತವೆ. ಕ್ರಿಕೆಟ್ ನೋಡುವಾಗ ಇದರಿಂದ ತೊಂದರೆ ಅನ್ನಿಸುವುದಿಲ್ಲ, ಮನುಷ್ಯ ಸುಮ್ಮನೆ ನಡೆದು ಹೋಗುವಾಗಲೂ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ತೆಳ್ಳಗಿನ ಅಲಗು ಈ ಚಿತ್ರದಲ್ಲಿ ಇಲ್ಲಿದ್ದು ಮುಂದಿನ ಚಿತ್ರದಲ್ಲಿ ಮಾರು ದೂರ ಹೋಗಿದ್ದರೆ ನಡುವೆ ಅದು ಎಲ್ಲಿತ್ತು ಅಂತ ಟಿವಿಗೆ ತಿಳಿಯುವುದಿಲ್ಲ. ಹಾಗಾಗಿ ಅಳಿಸಿಬಿಡುತ್ತದೆ. ಕತ್ತಿಕಾಳಗದಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವುದು ಆ ಮೊನೆಯೇ, ನಾವು ದುಡ್ಡು ಕೊಟ್ಟು ನೋಡಲು ಕೂತಿರುವುದೂ ಅದನ್ನೇ.

ಇದು ಕಾರ್ಖಾನೆಯಿಂದಲೇ ಆನ್ ಆಗಿ ಬಂದಿತ್ತು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರಿಟ್ಟಿರುತ್ತದೆ. ನನ್ನ ಟಿವಿಯಲ್ಲಿ ಪಿಕ್ಚರ್ ಸೆಟ್ಟಿಂಗ್‌ನ ಒಳಗಿನ ಒಳಗಿನ ಮೆನುವಿನಲ್ಲಿ ಅಡಗಿ ಕೂತಿತ್ತು. ಆಫ್ ಮಾಡಿದೆ, ಡಿಸ್ಕ್ ಚೆನ್ನಾಗಿ ಬಂತು. ಮಾರನೇ ದಿನ ಟಿವಿಯೊಳಗಿನ ಆ್ಯಪ್‌ನಲ್ಲಿ ಬಾಡಿಗೆ ಸಿನಿಮಾ ಹಾಕಿದರೆ ಮತ್ತೆ ಮೊನೆ ಮಾಯ. ಡಿಸ್ಕ್ ಪ್ಲೇಯರ್ ಜೋಡಿಸುವ ಎಚ್‌ಡಿಎಂಐಗೆ ಒಂದು ಸೆಟ್ಟಿಂಗ್, ಆ್ಯಪ್‌ಗೆ ಬೇರೆ ಸೆಟ್ಟಿಂಗ್ ಅಂತೆ! ಕಸ್ಟಮರ್ ಕೇರ್‌ನವರು ಟಿವಿ ಆಫ್ ಮಾಡಿ ಆನ್ ಮಾಡಿ ಸಾರ್ ಅಂದರು. ನಿಮ್ಮ ಟಿವಿಯಲ್ಲಿ ಫಿಲ್ಮ್‌ಮೇಕರ್ ಮೋಡ್ ಅಂತ ಇದ್ದರೆ ಅದನ್ನು ಹಾಕಿಬಿಡಿ, ಈ ಊಹೆಯ ಕಾಟ ನಿಲ್ಲುತ್ತದೆ. ಪ್ರತಿ ಇನ್‌ಪುಟ್‌ಗೂ ಬೇರೆಬೇರೆಯಾಗಿ ನೋಡಿಕೊಳ್ಳಿ.

ಎಲ್ಲ ಸರಿಯಾದ ಮೇಲೆ ‘ಕ್ರೌಚಿಂಗ್ ಟೈಗರ್’ ಮತ್ತೆ ನೋಡಿದೆ, ಅದ್ಭುತ. ಯುಯೆನ್ ವೂ-ಪಿಂಗ್ ಕಟ್ಟಿದ ಕಾಳಗ. ಹುಡುಗಿ ಝಾಂಗ್ ಝಿಯಿ ಕೈಯಲ್ಲಿ ಏನನ್ನೂ ಕತ್ತರಿಸುವ ಆ ಒಂದೇ ಖಡ್ಗ. ಅನುಭವಸ್ಥೆ ಮಿಶೆಲ್ ಯೋ ಮಾತ್ರ ಒಂದು ಆಯುಧ ತುಂಡಾದಂತೆ ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ. ಅದರಲ್ಲೊಂದು ಎತ್ತಲಾರದಷ್ಟು ಭಾರ, ಅಲ್ಲಿ ನಗು ಬರುತ್ತದೆ. ಕಡೆಗೆ ಹುಡುಗಿಯ ಕುತ್ತಿಗೆಗೆ ಬಂದು ನಿಲ್ಲುವುದು ಮುರಿದ ಕತ್ತಿ. ಆದರೂ ಇಷ್ಟು ಚಂದವಾಗಿ ಕಾದಾಡುವವರು ಸಾಯುತ್ತಾರೆ ಅಂತ ನನಗೆ ಒಂದು ಕ್ಷಣವೂ ಭಯವಾಗಲಿಲ್ಲ.

‘ಪ್ರಿನ್ಸೆಸ್ ಬ್ರೈಡ್’ನ ಬಂಡೆ ತುದಿಯ ಕಾಳಗವನ್ನು ಕಲಿಸಿದವರು ಪೀಟರ್ ಡೈಮಂಡ್ ಮತ್ತು ಬಾಬ್ ಆ್ಯಂಡರ್ಸನ್. ಆ್ಯಂಡರ್ಸನ್ 1952ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಕತ್ತಿ ಹಿಡಿದವರು, ಮುಂದೆ ‘ಸ್ಟಾರ್ ವಾರ್ಸ್’ ಚಿತ್ರಗಳ ಖಳ ಡಾರ್ತ್ ವೇಡರ್‌ನ ವೇಷದೊಳಗೆ ನಿಂತು ಕಾದಾಡಿದವರೂ ಅವರೇ. ಕ್ಯಾರಿ ಎಲ್ವಿಸ್, ಮ್ಯಾಂಡಿ ಪಟಿಂಕಿನ್ ಇಬ್ಬರೂ ಎಡಗೈ ಬಲಗೈ ಎರಡರಲ್ಲೂ ಅಭ್ಯಾಸ ಮಾಡಿ, ಲಾಗ ಹೊಡೆಯುವುದೊಂದು ಬಿಟ್ಟು ಉಳಿದದ್ದನ್ನೆಲ್ಲ ತಾವೇ ಮಾಡಿದ್ದಾರೆ. ನನ್ನ ತಕರಾರು ಒಂದೇ, ಇಬ್ಬರೂ ಬಾಯಿ ಮುಚ್ಚುವುದಿಲ್ಲ. ನಾನು ನೋಡುವುದು ರಾತ್ರಿ ಎಲ್ಲರೂ ಮಲಗಿದ ಮೇಲೆ, ವಾಲ್ಯೂಮ್ ಇಳಿಸಿ, ಸಬ್‌ಟೈಟಲ್ ಹಾಕಿಕೊಂಡು. ಅವರ ಮಾತು ಓದಲು ಕೆಳಗೆ ನೋಡಿದರೆ ಮೇಲೆ ಕತ್ತಿ ಕೈ ಬದಲಿಸಿರುತ್ತದೆ.

‘ಸಂಜುರೊ’: ಇಬ್ಬರು ಅಲ್ಲಾಡದೆ ನಿಲ್ಲುತ್ತಾರೆ, ಒಂದೇ ಏಟು, ಮುಗಿಯಿತು. ಕಣ್ಣು ಮಿಟುಕಿಸಿದರೆ ರಿವೈಂಡ್ ಮಾಡಬೇಕು.

ಇನ್ನು ‘ರಾಬ್ ರಾಯ್’. ಕತ್ತಿವರಸೆ ಕಟ್ಟಿದವರು ವಿಲಿಯಂ ಹಾಬ್ಸ್. ಒಂದು ಕಡೆ ಎತ್ತರದ ಆಳು ಲಿಯಾಂ ನೀಸನ್, ಕೈಯಲ್ಲಿ ಸ್ಕಾಟ್ಲೆಂಡಿನ ಅಗಲ ಅಲಗಿನ ಭಾರದ ಕತ್ತಿ. ಇನ್ನೊಂದು ಕಡೆ ಲೇಸು, ವಿಗ್ಗಿನ ಶೋಕಿಯ ಟಿಮ್ ರಾತ್, ಕೈಯಲ್ಲಿ ಹಗುರ ಕತ್ತಿ. ನಾಯಕ ಬೀಸುತ್ತಾನೆ, ಖಳ ಸರಿಯುತ್ತಾನೆ, ಸರಿಯುತ್ತಲೇ ಒಂದು ಗೀರು ಎಳೆಯುತ್ತಾನೆ. ಮತ್ತೊಂದು ಗೀರು. ಮಗದೊಂದು. ಇಲ್ಲಿ ನಾಯಕ ದಣಿಯುತ್ತಾನೆ. ತೋಳು ಏಳುವುದಿಲ್ಲ, ಉಸಿರು ಕಿತ್ತು ಬರುತ್ತದೆ, ಕತ್ತಿಯ ಭಾರ ನಮ್ಮ ಭುಜಕ್ಕೇ ಬಿದ್ದಂತಾಗುತ್ತದೆ. ಕೊನೆಗೆ ಮಂಡಿಯೂರಿದವನ ಕೊರಳಿಗೆ ಖಳ ಮೊನೆ ಹಿಡಿದು ಒಂದು ಗಳಿಗೆ ತಡೆಯುತ್ತಾನೆ. ನಾಯಕ ಆ ಅಲಗನ್ನೇ ಬರಿಗೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ತನ್ನ ಕತ್ತಿ ಎತ್ತಿ ಇಳಿಸುತ್ತಾನೆ. ಅಷ್ಟು ಹೊತ್ತು ಭಾರವಾಗಿ ಕಾಡಿದ ಕತ್ತಿಗೆ ಬೇಕಾಗಿದ್ದು ಒಂದೇ ಏಟು.

ವಾಲ್ಯೂಮ್ ಇಳಿಸಿದರೂ ಈ ಕಾಳಗಕ್ಕೆ ನಷ್ಟವಿಲ್ಲ, ಓದಬೇಕಾದ ಮಾತೂ ಕಡಿಮೆ. ನನ್ನಂಥ ರಾತ್ರಿ ಪ್ರೇಕ್ಷಕನಿಗೆ ಇನ್ನೇನು ಬೇಕು? ಮಕ್ಕಳ ಜೊತೆ ಮಾತ್ರ ಹಾಕಬೇಡಿ, ನಡುವೆ ಒಂದು ಅತ್ಯಾಚಾರದ ದೃಶ್ಯವಿದೆ. ಮಕ್ಕಳಿಗೆ ‘ಪ್ರಿನ್ಸೆಸ್ ಬ್ರೈಡ್’ ಸಾಕು.

ಒಂದೇ ಸಲ ನೋಡುವವರು ಬಾಡಿಗೆಗೆ ತಗೊಳ್ಳಿ. ನಾನು ಡಿಸ್ಕನ್ನೇ ಇಟ್ಟುಕೊಂಡೆ. ಅದೇ ಹಾಬ್ಸ್ ಕತ್ತಿವರಸೆ ಕಟ್ಟಿದ, ರಿಡ್ಲಿ ಸ್ಕಾಟ್ ಅವರ ಮೊದಲ ಚಿತ್ರ ‘ದಿ ಡ್ಯುಯಲಿಸ್ಟ್ಸ್’ (1977) ಮುಂದಿನದು, ಡಿಸ್ಕಿನ ಬೆಲೆ ಸ್ವಲ್ಪ ಇಳಿಯಲಿ ಅಂತ ಕಾಯ್ತಾ ಇದ್ದೇನೆ.