ಬಸವನಗುಡಿಯ ಕನ್‌ಫ್ಯೂಷಿಯಸ್ ತರಗತಿ: ಪಾಠಕ್ಕಾಗಿ ಸೇರಿ, ಪ್ರಮಾಣಪತ್ರಕ್ಕಾಗಿ ಅಲ್ಲ

ಗಾಂಧಿ ಬಜಾರಿಗೆ ಹತ್ತಿರದ ಮಹಡಿಯೊಂದರಲ್ಲಿ ಭಾನುವಾರ ಬೆಳಗ್ಗೆ ನಡೆಯುವ ಪ್ರಾಚೀನ ಚೀನಾದ ಚಿಂತಕ ಕನ್‌ಫ್ಯೂಷಿಯಸನ ಓದಿನ ತರಗತಿಗೆ ಸೇರಬಹುದೇ ಎಂದು ಪರಿಚಯದವರು ಕೇಳುತ್ತಿರುತ್ತಾರೆ. ಓದನ್ನು ಬದುಕಿನ ಭಾಗವಾಗಿ ನೋಡಬೇಕೆಂದಿರುವವರು ಅಗತ್ಯವಾಗಿ ಸೇರಬೇಕು. ಡಿ.ವಿ.ಜಿ. ಅವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ವಯಸ್ಸಿನವರೂ ಕೂತು ಓದುವ ಅಭ್ಯಾಸವನ್ನು ಬೆಳೆಸಿದ ಊರಿಗೆ ಇಂಥ ತರಗತಿ ಹೊಸದೇನೂ ಅಲ್ಲ.

ಕನ್‌ಫ್ಯೂಷಿಯಸನ ಮಾತುಗಳನ್ನು ಶಿಷ್ಯಪರಂಪರೆ ಸಂಗ್ರಹಿಸಿದ, 20 ಅಧ್ಯಾಯಗಳ 'ಲುನ್ ಯು' ಗ್ರಂಥದಿಂದ ಇಲ್ಲಿ ಪ್ರತಿ ವಾರ ಒಂದೆರಡು ಪ್ರಸಂಗಗಳನ್ನಷ್ಟೇ ಓದುತ್ತಾರೆ. ಕೇಳಿದ ಒಳ್ಳೆಯ ಮಾತನ್ನು ಕೂಡಲೇ ಆಚರಣೆಗೆ ತರಬೇಕೇ ಎಂದು ಇಬ್ಬರು ಶಿಷ್ಯರು ಬೇರೆ ಬೇರೆಯಾಗಿ ಕೇಳಿದಾಗ, ತಂದೆ ಮತ್ತು ಅಣ್ಣಂದಿರು ಇರುವಾಗ ಹಾಗೆ ಮಾಡುವುದೆಂತು ಎಂದು ಝಿಲುವಿಗೂ, ಕೂಡಲೇ ಮಾಡು ಎಂದು ರಾನ್ ಯೂಗೂ ಕನ್‌ಫ್ಯೂಷಿಯಸ್ ಹೇಳಿದ ಪ್ರಸಂಗವನ್ನು ನಾನಿದ್ದ ದಿನ ತೆಗೆದುಕೊಂಡಿದ್ದರು. ಮೇಷ್ಟ್ರು ಅಲ್ಲಿಗೇ ಓದು ನಿಲ್ಲಿಸಿ ಪುಸ್ತಕ ಮುಚ್ಚಿದರು. "ಸರ್, ಎರಡರಲ್ಲಿ ಯಾವುದು ಸರಿ?" ಎಂದು ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಕೇಳಿದ. "ಕೇಳಿದವರು ಎಂಥವರು ಅಂತ ಮೊದಲು ಯೋಚನೆ ಮಾಡಪ್ಪ" ಎಂದು ಹೇಳಿ ಸುಮ್ಮನಾದರು. ಝಿಲು ಮುನ್ನುಗ್ಗುವವನಾದ್ದರಿಂದ ಅವನನ್ನು ತಡೆದರು, ರಾನ್ ಯೂ ಹಿಂಜರಿಯುವವನಾದ್ದರಿಂದ ಅವನನ್ನು ಮುಂದೆ ತಳ್ಳಿದರು ಎಂಬುದು ಬಹಳ ಹೊತ್ತಿನ ಚರ್ಚೆಯ ನಂತರ ನಮ್ಮ ನಡುವಿನಿಂದಲೇ ಹೊರಬಂತು. ಒಂದು ಮೂಲೆಯನ್ನು ತೋರಿಸಿದಾಗ ಉಳಿದ ಮೂರನ್ನು ತಾನೇ ಕಂಡುಕೊಳ್ಳದವನಿಗೆ ಪಾಠವನ್ನು ಮತ್ತೆ ಹೇಳುವುದಿಲ್ಲ ಎಂದ ಕನ್‌ಫ್ಯೂಷಿಯಸನ ವಿಧಾನವನ್ನು ನಮ್ಮ ಮೇಷ್ಟ್ರು ವಿವರಿಸುವುದಿಲ್ಲ, ಪಾಲಿಸುತ್ತಾರೆ. ಒಂದೇ ಪಾಠವನ್ನು ಒಂದೇ ವೇಗದಲ್ಲಿ ಎಲ್ಲರಿಗೂ ಸುರಿಯುವ ಕೋಚಿಂಗ್ ತರಗತಿಗಳಲ್ಲಿ ಮಕ್ಕಳನ್ನು ಕೂರಿಸಿರುವ ನಮ್ಮಂಥ ತಂದೆತಾಯಿಯರಿಗೆ ಆ ಬೆಳಗಿನ ಪಾಠ ನಾಟಬೇಕಾದದ್ದೇ.

ಶುಲ್ಕ ಕಟ್ಟಲಾಗದವರಿಗೆ ರಿಯಾಯಿತಿ ಇದೆ. ಒಣಮಾಂಸದ ಒಂದು ಕಟ್ಟನ್ನು ಕಾಣಿಕೆಯಾಗಿ ತಂದವನಿಗೂ ಕಲಿಸದೆ ಕಳುಹಿಸಿಲ್ಲ ಎಂದವನ ಹೆಸರಿನಲ್ಲಿ ನಡೆಯುವ ತರಗತಿಗೆ ಇದು ತಕ್ಕದ್ದಾಗಿದೆ.

ಕೊರತೆಯಿರುವುದು ಇತಿಹಾಸದ ಭಾಗದಲ್ಲಿ. 1313ರಲ್ಲಿ ಚೀನಾದ ಯುವಾನ್ ವಂಶದ ಅರಸರು, ವಿದ್ವಾಂಸ ಝೂ ಷಿಯ ವ್ಯಾಖ್ಯಾನ ಸಹಿತವಾದ, 'ಲುನ್ ಯು' ಸೇರಿದ ನಾಲ್ಕು ಗ್ರಂಥಗಳನ್ನು ಸರ್ಕಾರಿ ಪರೀಕ್ಷೆಗೆ ಪಠ್ಯವಾಗಿಸಿದ ಮೇಲೆ, 1905ರಲ್ಲಿ ಆ ಪರೀಕ್ಷೆ ರದ್ದಾಗುವವರೆಗೆ, ಸ್ವಂತ ತಿದ್ದುಪಡಿಗೆಂದು ಹೇಳಿದ ಮಾತುಗಳೇ ಹುದ್ದೆ ಗಿಟ್ಟಿಸಲು ಬಾಯಿಪಾಠ ಮಾಡುವ ಸಾಮಗ್ರಿಯಾದವು. ಸಿಇಟಿ ರ್‍ಯಾಂಕಿನ ಚಿಂತೆಯಲ್ಲಿ ಬದುಕುವ ಬೆಂಗಳೂರಿನವರಿಗೆ ಇದಕ್ಕಿಂತ ಹತ್ತಿರದ ವಿಷಯವಿಲ್ಲದಿದ್ದರೂ, ಒಂದೇ ತರಗತಿಯಲ್ಲಿ ಇದನ್ನು ಮುಗಿಸಿಬಿಟ್ಟರು. ಚರ್ಚೆ ಸೊಗಸಾದ ಕನ್ನಡದಲ್ಲಿ ನಡೆದರೂ ಕೈಗೆ ಕೊಡುವ ಹಾಳೆಗಳೆಲ್ಲ ಇಂಗ್ಲಿಷಿನಲ್ಲಿರುವುದು ಹಿರಿಯರಿಗೆ ತೊಡಕಾಗುತ್ತದೆ.

ನನ್ನ ಮುಖ್ಯ ಆಕ್ಷೇಪಣೆ ಪ್ರಮಾಣಪತ್ರದ ಬಗ್ಗೆ. ಉದ್ಯೋಗದ ಸಂದರ್ಶನಕ್ಕೆ ಉಪಯೋಗವಾಗುತ್ತದೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದಾರೆ. ಹಿಂದಿನವರು ತಮಗಾಗಿ ಕಲಿಯುತ್ತಿದ್ದರು, ಈಗಿನವರು ಪರರಿಗೆ ತೋರಿಸಲು ಕಲಿಯುತ್ತಾರೆ ಎಂದು ನೊಂದುಕೊಂಡ ಕನ್‌ಫ್ಯೂಷಿಯಸನ ಪಾಠಕ್ಕೆ ಈ ಆಮಿಷವನ್ನು ಅಂಟಿಸಬಾರದಿತ್ತು. ಸಂಘಟಕರು ಆ ಸಾಲನ್ನು ತೆಗೆದುಹಾಕಿ, ಉಳಿದ ಹಣದಲ್ಲಿ ಹಾಳೆಗಳನ್ನು ಕನ್ನಡಕ್ಕೆ ತರಲಿ.

ಶಾಲಾ ಶಿಕ್ಷಕರು ಮತ್ತು ಪಿಯುಸಿ ಮಕ್ಕಳ ಪೋಷಕರು ಮೊದಲು ಸೇರಬೇಕಾದವರು. ಕಟ್ಟಡಕ್ಕೆ ಲಿಫ್ಟ್ ಇಲ್ಲದಿರುವುದರಿಂದ ಮಂಡಿನೋವಿರುವವರು ಮುಂಚೆಯೇ ತಿಳಿಸಿದರೆ ಕೆಳಗಿನ ಕೋಣೆಯಲ್ಲಿ ತರಗತಿ ನಡೆಸುತ್ತಾರೆ.